ಎರಡು ಕಾಳು ಹಾಕಿದರೆ 120 ಅಲ್ಲ, 84

ಅಣ್ಣಾರೇ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಹೀರೇಕಾಯಿ ಬೀಜದ ಪಾಕೀಟಿನ ಮೇಲೆ ಮೊಳಕೆ 60 ಪರ್ಸೆಂಟ್ ಅಂತ ಇದೆ, ಕುಣಿಗೆ ಎರಡು ಕಾಳು ಹಾಕಿದರೆ 120 ಆಗುತ್ತಾ ಅಂತ ಹತ್ತನೇ ಕ್ಲಾಸಿನ ಮಗಳು ಕೇಳಿದಳು ಅಂದಿರಿ. ರಾಣೆಬೆನ್ನೂರಿನ ಕಡೆ ಬೀಜ ಮಾಡೋ ಊರುಗಳಲ್ಲಿ ಇಂಥ ಪ್ರಶ್ನೆ ಹುಟ್ಟಲೇಬೇಕು ಬಿಡಿ. ಅವಳ ಸಂಭವನೀಯತೆ ಪಾಠದ ಅರ್ಧ ಇದರಲ್ಲೇ ಇದೆ.

ಸಂಭವನೀಯತೆ 0ಗಿಂತ ಕೆಳಗೆ ಇಳಿಯಲ್ಲ, 1 ದಾಟಲ್ಲ. 1 ಅಂದರೆ 100 ಪರ್ಸೆಂಟ್, ಖಂಡಿತ ಆಗುತ್ತದೆ ಅಂತ. ಕೂಡಿಸಿದಾಗ 120 ಬಂದಿದ್ದು ಯಾಕೆಂದರೆ, ಎರಡೂ ಕಾಳು ಹುಟ್ಟಿದ ಕುಣಿಯನ್ನು ಎರಡು ಸಲ ಎಣಿಸಿದ್ದೀರಿ.

100 ಕುಣಿ ಇವೆ ಅಂದುಕೊಳ್ಳಲು ಹೇಳಿ. ಮೊದಲ ಕಾಳು ಸುಮಾರು 60ರಲ್ಲಿ ಹುಟ್ಟುತ್ತದೆ, 40ರಲ್ಲಿ ಕೈಕೊಡುತ್ತದೆ. ಆ 40 ಕುಣಿಯಲ್ಲಿ ಎರಡನೇ ಕಾಳು ಇದೆಯಲ್ಲ, ಅದೂ 60 ಪರ್ಸೆಂಟಿನಂತೆ 24ರಲ್ಲಿ ಹುಟ್ಟುತ್ತದೆ. ಖಾಲಿ ಉಳಿಯೋದು 16. ಒಂದಾದರೂ ಹುಟ್ಟಿದ್ದು 84. ಒಂದೂ ಹುಟ್ಟದಿರೋದು 'ಒಂದಾದರೂ ಹುಟ್ಟೋದರ' ಪೂರಕ ಘಟನೆ, ಅಂದರೆ ಅದರ ವಿರುದ್ಧದ್ದು; ಎರಡೂ ಸೇರಿ 1: 1 − 0.16 = 0.84. ಪರೀಕ್ಷೆಯಲ್ಲಿ 'ಕನಿಷ್ಠ ಒಂದು' ಅಂತ ಕಂಡರೆ, ಒಂದೂ ಆಗದ್ದನ್ನು ಮೊದಲು ಹಿಡಿಯೋದು ಸಲೀಸು. ಮೂರು ಕಾಳು ಹಾಕಿದರೆ ಸುಮಾರು 94. ನಾಲ್ಕನೆಯದು ನನಗೆ ದಂಡ ಅನ್ನಿಸುತ್ತದೆ.

ಎಣಿಕೆಯಲ್ಲಿ ದೊಡ್ಡವರೂ ಎಡವಿದ್ದಾರೆ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬರೋ ಸಂಭವನೀಯತೆ 2/3 ಅಂತ ಫ್ರಾನ್ಸಿನ ಗಣಿತಜ್ಞ ದಾಲಂಬೇರ್ 1754ರಲ್ಲಿ ಬರೆದರು. ಮೊದಲೇ ಹೆಡ್ ಬಂದರೆ ಆಟ ಮುಗೀತು ಅಂತ ಅದನ್ನು ಒಂದೇ ಫಲಿತ ಮಾಡಿ, ಒಟ್ಟು ಮೂರೇ ಫಲಿತ ಎಣಿಸಿದರು. ಹೆಡ್-ಹೆಡ್, ಹೆಡ್-ಟೇಲ್, ಟೇಲ್-ಹೆಡ್, ಟೇಲ್-ಟೇಲ್ ಅಂತ ನಾಲ್ಕನ್ನೂ ಬರೆದರೆ ಉತ್ತರ 3/4. ಎಲ್ಲ ಫಲಿತಗಳೂ ಸಮಸಂಭವನೀಯ, ಅಂದರೆ ಬರೋ ಸಾಧ್ಯತೆ ಎಲ್ಲಕ್ಕೂ ಒಂದೇ ಆಗಿದ್ದರಷ್ಟೇ ಹೀಗೆ ಎಣಿಸಿ ಭಾಗಿಸಬಹುದು. ಮಗಳಿಗೆ ಇದನ್ನು ಒತ್ತಿ ಹೇಳಿ.

ಬೀಜ ಹಾಗಲ್ಲ. ಹುಟ್ಟೋದು, ಹುಟ್ಟದ್ದು ಅಂತ ಎರಡೇ ಫಲಿತ ಇದ್ದರೂ ಅರ್ಧರ್ಧ ಅನ್ನೋಕಾಗಲ್ಲ. ಮಾಡಿಯೇ ನೋಡಬೇಕು. ಒದ್ದೆ ಗೋಣಿಚೀಲದ ಮೇಲೆ 100 ಕಾಳು ಜೋಡಿಸಿ, ಸುತ್ತಿ ನೆರಳಲ್ಲಿಡಿ. ದಿನಾ ಸ್ವಲ್ಪ ನೀರು ಚಿಮುಕಿಸಿ. ವಾರದ ಮೇಲೆ ಬಿಚ್ಚಿದಾಗ, ಕಪ್ಪು ಸಿಪ್ಪೆ ಬಿರಿದು ಬಿಳಿ ಬೇರು ಚಾಚಿದ್ದನ್ನಷ್ಟೇ ಅವಳು ಎಣಿಸಲಿ. 10 ಕಾಳು ಸಾಲಲ್ಲ, ಸುಮ್ನೆ ಎಂಟೋ ನಾಲ್ಕೋ ಬಂದು ದಾರಿ ತಪ್ಪಿಸುತ್ತದೆ.

ಇನ್ನೊಂದು. 84ರ ಲೆಕ್ಕ ನಿಲ್ಲೋದು ಒಂದು ಕಾಳಿನ ಹಣೆಬರಹ ಇನ್ನೊಂದಕ್ಕೆ ತಾಗದಿದ್ದಾಗ ಮಾತ್ರ. ಎರೆ ಹೊಲದಲ್ಲಿ ಕುಣಿಯೊಳಗೆ ನೀರು ನಿಂತರೆ ಎರಡೂ ಒಟ್ಟಿಗೇ ಕೊಳೆಯುತ್ತವೆ, ಅಲ್ವಾ? ಹಾಗಾಗಿ ಬಿತ್ತುವಾಗ ಕುಣಿ ಸ್ವಲ್ಪ ಏರಿಯ ಮೇಲೆ ಮಾಡಿ.