ಹತ್ತು ದಿನಕ್ಕೆ ಬರೆದ ನಿದ್ದೆ ಮಾತ್ರೆ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಐವತ್ತು ದಾಟಿದ ಹೈಸ್ಕೂಲ್ ಶಿಕ್ಷಕಿ. ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ.

ನಾನು ಸಲಹೆಗಾರ್ತಿ. ನನ್ನ ಬಳಿಗೆ ಬರುವ ಮೊದಲು ಅವರಿಗೆ ಒಮ್ಮೆ ಫಿಟ್ಸ್ ಬಂದಿತ್ತು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಯಾವ ಮಾತ್ರೆ ತಗೊಳ್ತಾರೆ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಮನೆಯವರು "ಬಿಪಿ ಮಾತ್ರೆ ಅಷ್ಟೇ" ಎಂದಿದ್ದರು. ನಿಜ ಬೇರೆಯೇ ಇತ್ತು. ಫಿಟ್ಸ್ ಬರುವ ಎರಡು ದಿನ ಮೊದಲು ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿ ಮಗನಿಗೆ ಆಲ್ಪ್ರಜೋಲಾಮ್ ಎಂಬ ನಿದ್ದೆ ಮಾತ್ರೆಗಳ ಕಂತೆ ಸಿಕ್ಕಿತ್ತು. ಸಿಟ್ಟಿನಲ್ಲಿ ಅಷ್ಟನ್ನೂ ಎಸೆದುಬಿಟ್ಟಿದ್ದ. ವಾರ್ಡಿನ ಸಿಸ್ಟರ್ ಒಬ್ಬರು ಟೀಚರ್ ಒಂಟಿಯಾಗಿದ್ದಾಗ ಮೆಲ್ಲಗೆ ಕೇಳಿದ್ದರಿಂದ ವಿಷಯ ಹೊರಗೆ ಬಂತು.

ಶುರುವಾದದ್ದು ಗಂಡನ ಬೈಪಾಸ್ ಆಪರೇಷನ್ ಸಮಯದಲ್ಲಿ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತು ಟೀಚರಿಗೆ ನಿದ್ದೆಯೇ ಹಾರಿಹೋಗಿತ್ತು. ಡಾಕ್ಟರು ರಾತ್ರಿಗೊಂದು 0.25 ಮಿಲಿಗ್ರಾಂ ಮಾತ್ರೆ, ಹತ್ತು ದಿನಕ್ಕೆ ಬರೆದರು. ಗಂಡ ಗುಣವಾಗಿ ವಾಕಿಂಗ್ ಶುರುಮಾಡಿದರು. ಇವರ ಮಾತ್ರೆ ಮಾತ್ರ ನಿಲ್ಲಲಿಲ್ಲ. ಅದೇ ಹಳೇ ಚೀಟಿ, ಅದೇ ಮೆಡಿಕಲ್ ಶಾಪು, ನಾಲ್ಕು ವರ್ಷ. 2014ರಿಂದ ಈ ಮಾತ್ರೆ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿದೆ. ಚೀಟಿ ನೋಡಿಯೇ ಕೊಡಬೇಕು. ರೋಗಿ ಯಾರು, ಬರೆದ ಡಾಕ್ಟರು ಯಾರು, ಎಷ್ಟು ಕೊಟ್ಟದ್ದು ಅನ್ನೋದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ಮಕ್ಕಳಿಗೆ ಪಾಠ ಹೇಳಿದ ಟೀಚರ್ ಬಂದು ಕೇಳಿದರೆ ಯಾರು ಇಲ್ಲ ಅಂತಾರೆ, ಅಲ್ವಾ?

ನನ್ನ ಮುಂದೆ ಕೂತಾಗ ಅವರ ಮೊದಲ ಮಾತು, "ನನ್ನನ್ನೂ ಕುಡುಕರ ಜತೆ ಸೇರಿಸ್ತೀರಾ ಮೇಡಂ?"

ನಾನು ಬೆಳಗಿನ ಬಗ್ಗೆ ಕೇಳಿದೆ. ಇಂಥ ಪ್ರಕರಣಗಳಲ್ಲಿ ರಾತ್ರಿಗಿಂತ ಬೆಳಗು ಜಾಸ್ತಿ ಹೇಳುತ್ತದೆ. ಎದ್ದ ಕೂಡಲೇ ಎದೆ ಢವಢವ, ಕೈ ನಡುಕ, ಸುಮ್ನೆ ಏನೋ ಕೆಟ್ಟದ್ದಾಗುತ್ತೆ ಅನ್ನೋ ಭಯ. ಬೋರ್ಡಿನ ಮೇಲೆ ಬರೆಯೋಕೂ ಕಷ್ಟ. ಸ್ಟಾಫ್ ರೂಮಿನಲ್ಲಿ ಅರ್ಧ ಮಾತ್ರೆ ನುಂಗಿದರೆ ಸರಿಹೋಗುತ್ತಿತ್ತು. "ನನಗೆ ಟೆನ್ಷನ್ ಕಾಯಿಲೆ ಇದೆ, ಮಾತ್ರೆಯಿಂದ ಹಿಡಿತದಲ್ಲಿದೆ" ಎಂದೇ ಅವರು ನಂಬಿದ್ದರು. ನಿಜಕ್ಕೂ ಆ ನಡುಕವನ್ನು ತರುತ್ತಿದ್ದದ್ದು ಮಾತ್ರೆಯೇ. ಆಲ್ಪ್ರಜೋಲಾಮ್ ಬೇಗ ಏರಿ ಬೇಗ ಇಳಿಯುತ್ತದೆ. ಸುಮಾರು ಹನ್ನೊಂದು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಬರುತ್ತದೆ. ರಾತ್ರಿ ನುಂಗಿದ್ದು ಬೆಳಗಿನ ಹೊತ್ತಿಗೆ ಇಳಿದಿರುತ್ತದೆ, ದೇಹ ಮತ್ತೆ ಕೇಳುತ್ತದೆ. ಹೀಗೆ ಅರ್ಧ, ಒಂದು, ಇನ್ನೊಂದು ಎನ್ನುತ್ತ ದಿನಕ್ಕೆ 2 ಮಿಲಿಗ್ರಾಂ ತಲುಪಿತ್ತು. ಮಕ್ಕಳ ಹೆಸರು ಮರೆಯುವುದು, ಬಚ್ಚಲಲ್ಲಿ ಜಾರಿ ಬಿದ್ದದ್ದು, ಎಲ್ಲವನ್ನೂ ಅವರು ವಯಸ್ಸಿನ ಲೆಕ್ಕಕ್ಕೆ ಹಾಕಿಕೊಂಡಿದ್ದರು.

ಮಗನ ಜತೆ ಬೇರೆಯಾಗಿ ಮಾತಾಡಿದೆ. "ಚಟ ಅಂದಮೇಲೆ ಒಂದೇ ಸಲ ಬಿಡಿಸಬೇಕಲ್ವಾ ಮೇಡಂ?" ಎಂದ. ಈ ಮಾತ್ರೆಯ ವಿಷಯದಲ್ಲಿ ಹಾಗಲ್ಲ ಎಂದೆ. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಇದು ಹೆಚ್ಚಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು ತನ್ನಷ್ಟಕ್ಕೆ ಶಾಂತವಾಗುವುದನ್ನು ಕಡಿಮೆ ಮಾಡುತ್ತದೆ. ಮಾತ್ರೆಯನ್ನು ತಟ್ಟನೆ ಕಿತ್ತುಕೊಂಡರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಅಮ್ಮನನ್ನು ಕಳ್ಳಿಯಂತೆ ಹುಡುಕುವುದನ್ನು ಬಿಡು, ಬ್ಯಾಗ್ ತಡಕಬೇಡ ಎಂದು ಹೇಳಿದೆ. ಅದಕ್ಕೆ ಒಪ್ಪಿದ. ಮಾತ್ರೆ ಇಟ್ಟುಕೊಳ್ಳುವ ಜವಾಬ್ದಾರಿಯನ್ನು ಗಂಡನಿಗೆ ಕೊಟ್ಟೆವು. ಒಂದು ಸಲಕ್ಕೆ ಒಂದು ವಾರದ್ದು ಮಾತ್ರ.

ಮಾತ್ರೆ ಇಳಿಸುವುದು ಸಲಹೆಗಾರರ ಕೆಲಸವಲ್ಲ. ಅದನ್ನು ಮನೋವೈದ್ಯರು ನೋಡಿಕೊಂಡರು. ನಿಧಾನವಾಗಿ ಇಳಿಯುವ ಡಯಾಜೆಪಾಮ್‌ಗೆ ಬದಲಿಸಿ, ಕೆಲವು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪ, ಶೇಕಡಾ ಐದರಿಂದ ಹತ್ತರಷ್ಟು ಇಳಿಸುತ್ತ ಬಂದರು. ಮನೆಯಲ್ಲೇ ಯಾರೂ ಈ ಲೆಕ್ಕ ಹಾಕಬಾರದು. ಟೀಚರಿಗೆ ಸ್ಕೂಟರ್ ಓಡಿಸಬೇಡಿ ಎಂದೆವು. ಕೆಮ್ಮಿಗೆ ಕೋಡೀನ್ ಸಿರಪ್ ಆಗಲಿ, ಟ್ರಮಡಾಲ್‌ನಂಥ ನೋವಿನ ಮಾತ್ರೆಯಾಗಲಿ, ಮದ್ಯವಾಗಲಿ ಜತೆಗೆ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ ಎಂದು ಗಂಡನಿಗೂ ಹೇಳಿದೆವು. ಹಳೇ ಚೀಟಿಯನ್ನು ಟೀಚರೇ ಹರಿದು ಹಾಕಿದರು.

ನಾನು ಮಾಡಿದ್ದು ನಿದ್ದೆಯ ಕೆಲಸ. ಟೀಚರ್ ಒಂಬತ್ತಕ್ಕೇ ಮಲಗಿ, ಎಂಟು ಗಂಟೆ ನಿದ್ದೆ ಬರಲೇಬೇಕು ಎಂದು ಗಡಿಯಾರ ನೋಡುತ್ತಿದ್ದರು. ಹನ್ನೊಂದಕ್ಕೆ ಮಲಗಿ, ಬೆಳಿಗ್ಗೆ ಐದೂವರೆಗೆ ಏಳಿ ಎಂದೆ. ರಾತ್ರಿ ನಿದ್ದೆ ಬಂದಿರಲಿ ಬಿಡಲಿ, ಏಳುವ ಹೊತ್ತು ಬದಲಾಗಬಾರದು. ನಿದ್ದೆ ಬಾರದಿದ್ದರೆ ಹೊರಳಾಡಬೇಡಿ, ಎದ್ದು ಹೊರಗಿನ ಕೋಣೆಯಲ್ಲಿ ಕೂತುಕೊಳ್ಳಿ. ಸಂಜೆಯ ಕಾಫಿ ಬೇಡ. ಕಾಫಿ ಬಿಡೋದು ಮಾತ್ರೆಗಿಂತ ಕಷ್ಟ ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ವಾರ ಅವರು ಎರಡು ಮಾತ್ರೆ ಜಾಸ್ತಿ ನುಂಗಿದರು. ತಾವಾಗಿಯೇ ಬಂದು ಹೇಳಿದರು. ನನಗೆ ಇದು ಚೇತರಿಕೆಯ ಲಕ್ಷಣವೇ. ಮೊದಲಾಗಿದ್ದರೆ ಈ ಗುಟ್ಟೂ ಡ್ರಾಯರಿಗೆ ಹೋಗುತ್ತಿತ್ತು. ಆ ಸಲ ಮನೋವೈದ್ಯರು ಪ್ರಮಾಣ ಇಳಿಸದೆ ಹಾಗೇ ಇಟ್ಟು, ಆಮೇಲೆ ಇಳಿಸುವುದನ್ನು ಮುಂದುವರಿಸಿದರು. ಟೀಚರ್ ಈಗ ತೀರಾ ಕಡಿಮೆ ಪ್ರಮಾಣದಲ್ಲಿದ್ದಾರೆ. ಕೊನೆಯ ಮೆಟ್ಟಿಲುಗಳೇ ನಿಧಾನ, ಇನ್ನೂ ಕೆಲವು ತಿಂಗಳು ಬೇಕು.

ಕುಡುಕರ ಜತೆ ಸೇರಿಸುವ ಪ್ರಶ್ನೆಗೂ ಉತ್ತರಿಸಬೇಕಿತ್ತು. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ, ಡಾಕ್ಟರು ಹೇಳದೆ ಇಂಥ ನಿದ್ದೆ ಮಾತ್ರೆಗಳನ್ನು ಬಳಸುವವರು ಸುಮಾರು 1.18 ಕೋಟಿ ಎಂದಿದೆ. "ಅಷ್ಟು ಜನರಾ?" ಎಂದರು ಟೀಚರ್. ನಾಚಿಕೆ ಸ್ವಲ್ಪ ಕಡಿಮೆಯಾದಂತೆ ಕಂಡಿತು.

ನಿಮ್ಮ ಮನೆಯಲ್ಲೂ ಇಂಥ ಡ್ರಾಯರ್ ಇದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಈ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮಾತ್ರೆ ನಿಲ್ಲಿಸಿದವರಿಗೆ ಫಿಟ್ಸ್ ಬಂದರೆ, ಏನೇನೋ ಮಾತಾಡತೊಡಗಿದರೆ ನೇರ ಆಸ್ಪತ್ರೆಗೆ ಹೋಗಿ. ಖಾಲಿ ಸ್ಟ್ರಿಪ್‌ಗಳನ್ನು ಜತೆಗೆ ಒಯ್ದು ಡಾಕ್ಟರಿಗೆ ತೋರಿಸಿ.