ಅಡಿಕೆ ಸುಗ್ಗಿಯ ನಡುವೆ ಶುಭಸಂದೇಶ ಪಾಲಿಸುವುದು ಹೇಗೆ?

ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಪ್ರಾರ್ಥನೆಗೆ ಬಿಡುವಿಲ್ಲ, ಭಾನುವಾರ ಚರ್ಚಿನಲ್ಲಿ ಕೇಳಿದ ಶುಭಸಂದೇಶ (ಬೈಬಲಿನಲ್ಲಿ ಯೇಸುವಿನ ಬದುಕು, ಬೋಧನೆ ಹೇಳುವ ಭಾಗ) ಸೋಮವಾರಕ್ಕೇ ಮರೆಯುತ್ತದೆ ಎಂದಿದ್ದೀರಿ.

ಇಡೀ ಅಧ್ಯಾಯಕ್ಕೆ ಕೈಹಾಕುವುದೇ ತಪ್ಪು. ಬೆಳಗ್ಗೆ ಒಲೆ ಹಚ್ಚುವ ಮೊದಲು ನಾಲ್ಕೈದು ವಾಕ್ಯ ಸಾಕು. ಎರಡು ಸಲ ಓದಿ, ಎರಡನೆಯದು ಗಟ್ಟಿಯಾಗಿ. ಮನಸ್ಸಿಗೆ ಚುಚ್ಚಿದ ಒಂದು ಮಾತನ್ನು ಅಂದಿನ ಒಂದೇ ಕೆಲಸಕ್ಕೆ ಗಂಟುಹಾಕಿ. ಉದಾಹರಣೆಗೆ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದ (ಮತ್ತಾಯ 20) ಸಾಮತಿಯಲ್ಲಿ, ಅಂದರೆ ಯೇಸು ಹೇಳಿದ ನೀತಿಕಥೆಯಲ್ಲಿ, ತೋಟದ ಯಜಮಾನ ಸಂಜೆಯೇ ಕೂಲಿ ಕೊಡಿಸುತ್ತಾನೆ. ನೀವು ಸುಲಿಯುವವರ ಲೆಕ್ಕವನ್ನು ಮುಂದಿನ ವಾರಕ್ಕೆ ದೂಡಿದ್ದೀರಾ? ಇಂದೇ ಚುಕ್ತಾ ಮಾಡಿ. (ಪಕ್ಕದ ಮನೆಯವರಿಗೆ ಹೊಂದುವ ವಾಕ್ಯವನ್ನೇ ಹುಡುಕುವ ಚಟ ಎಲ್ಲರಿಗೂ ಇದೆ, ಎಚ್ಚರ.)

ಕಷ್ಟದ್ದು ಕ್ಷಮೆ. ಯೇಸು ಕಲಿಸಿದ ಪ್ರಾರ್ಥನೆ ಮತ್ತಾಯ 6:9-13ರಲ್ಲಿದೆ; ಅದು ಮುಗಿದ ಕೂಡಲೇ ಯೇಸು ಮತ್ತೆ ವಿವರಿಸಿದ್ದು ಅದರಲ್ಲಿನ ಕ್ಷಮೆಯ ಕೋರಿಕೆಯೊಂದನ್ನೇ, 14-15ನೇ ವಾಕ್ಯಗಳಲ್ಲಿ. ಪಕ್ಕದವರೊಂದಿಗೆ ಬೇಲಿಯ ಜಗಳವಿದ್ದರೆ ಪ್ರಾರ್ಥನೆಯ ಆ ಸಾಲು ಬಂದಾಗ ತುಸು ನಿಲ್ಲಿಸಿ, ಅವರ ಹೆಸರು ಹೇಳಿ, ಮುಂದುವರಿಯಿರಿ. ಆಮೇಲೆ ಮತ್ತಾಯ 18:15ರಂತೆ ಮೊದಲು ಒಬ್ಬರೇ ಹೋಗಿ ಮಾತಾಡಿ. ಊರ ಪಂಚಾಯ್ತಿಕೆ ನಂತರದ್ದು. ಕ್ಷಮಿಸುವುದೆಂದರೆ ಜಾಗ ಬಿಟ್ಟುಕೊಡುವುದಲ್ಲ, ಸರ್ವೆ ಮಾಡಿಸಬಹುದು.

ರಾತ್ರಿ ನಿದ್ದೆ ತೂಗಿದರೆ ಬೆಳಗ್ಗೆ ಆರಿಸಿದ ಆ ಒಂದು ಮಾತನ್ನಷ್ಟೇ ನೆನೆದು ಮಲಗಿ.