ಅಮ್ಮನ ಬಟ್ಟೆಯ ಸೈಜು

ಓದುಗರೊಬ್ಬರ ಪತ್ರ:

"ನನಗೆ ಇಬ್ಬರು ಮಕ್ಕಳು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂಬತ್ತು ತಿಂಗಳು. ಅವರಿಗೆ ಚೆಂದದ ಬಟ್ಟೆ ಹಾಕಿ ನೋಡುವುದೆಂದರೆ ನನಗೆ ಪ್ರಾಣ. ಬಣ್ಣಕ್ಕೆ ಬಣ್ಣ ಹೊಂದಿಸುತ್ತೇನೆ, ಕಾಲುಚೀಲದವರೆಗೂ. ಮೊನ್ನೆ ಹತ್ತಿರದವರೊಬ್ಬರು 'ಮಕ್ಕಳನ್ನ ಗೊಂಬೆ ಮಾಡಿಟ್ಟಿದ್ದೀಯ' ಅಂದರು. ತುಂಬ ಚುಚ್ಚಿತು. ಇನ್ನೊಂದು ಕಡೆ, ನನ್ನ ಹಳೇ ಬಟ್ಟೆ ಒಂದೂ ನನಗೆ ಆಗುತ್ತಿಲ್ಲ. ಸಣ್ಣ ಆದಮೇಲೆ ಹಾಕೋಣ ಅಂತ ಎಲ್ಲ ಮಡಚಿ ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ಎರಡು ಸಡಿಲ ಟೀ ಶರ್ಟಿನಲ್ಲೇ ವರ್ಷ ಕಳೆಯಿತು. 'ಅಮ್ಮಾ, ನಿಂಗೆ ಹೊಸ ಬಟ್ಟೆ ಇಲ್ವಾ?' ಅಂತ ಮಗಳು ಕೇಳಿದಳು. ಮಕ್ಕಳಿಗೆ ಸ್ಟೈಲ್ ಮಾಡುವುದು ತಪ್ಪಾ? ಮಗಳ ಗುಲಾಬಿ ಬಣ್ಣದ ಅಂಗಿಗಳನ್ನು ಮಗನಿಗೆ ಹಾಕಬಹುದಾ? ಆ ಹಳೇ ಬಟ್ಟೆಗಳನ್ನು ಏನು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಎರಡು ದಿನ ನನ್ನ ಮೇಜಿನ ಮೇಲೇ ಇತ್ತು. ಮಕ್ಕಳ ಬಟ್ಟೆಯ ಬಗ್ಗೆ ಉತ್ತರ ಬರೆಯುವುದು ಕಷ್ಟವಾಗಲಿಲ್ಲ. ಆ ಮೇಲಿನ ಹಲಗೆಯ ಹತ್ತಿರ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತಿತ್ತು. ಅಂಥದೊಂದು ಹಲಗೆ ನನ್ನ ಮನೆಯಲ್ಲೂ ಎಷ್ಟೋ ವರ್ಷ ಇತ್ತು.

ಮೊದಲು ಮಕ್ಕಳ ವಿಷಯ. ತಪ್ಪೇನೂ ಇಲ್ಲ. ಮಗುವಿಗೆ ಚೆಂದದ ಬಟ್ಟೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತೀರಲ್ಲ, ಆ ಸಂತೋಷ ನಿಜವಾದದ್ದು. ಅದಕ್ಕೆ ಯಾರ ಹತ್ತಿರವೂ ಕ್ಷಮೆ ಕೇಳಬೇಕಾಗಿಲ್ಲ. ಆದರೆ ಆ ಬಟ್ಟೆಯೊಳಗೆ ಮಗು ಹೇಗಿದೆ ಅಂತ ನೋಡಬೇಕು. ಅದನ್ನು ನಾನು ಕಲಿತದ್ದು ಒಂದು ಫ್ರಾಕಿನಿಂದ.

ನನ್ನ ಮಗಳಿಗೆ ಆಗ ಮೂರು ವರ್ಷ. ಫೋಟೋ ತೆಗೆಸೋಣ ಅಂತ ಹಳದಿ ಬಣ್ಣದ ಫ್ರಾಕ್ ತಂದಿದ್ದೆ. ಒಳಗೆ ಮೂರು ಪದರ ನೆಟ್, ಕುತ್ತಿಗೆಯ ಸುತ್ತ ಲೇಸು. ಹಾಕಿದ ಐದು ನಿಮಿಷಕ್ಕೆ ಅವಳು ಭುಜ ಕುಣಿಸೋಕೆ ಶುರು ಮಾಡಿದಳು. "ಸುಮ್ನೆ ನಿಲ್ಲು, ಇನ್ನೊಂದೇ ಫೋಟೋ" ಅಂತ ನಾನು ಗದರಿದೆ. ಮನೆಗೆ ಬಂದು ಫ್ರಾಕ್ ಬಿಚ್ಚಿದಾಗ ಕುತ್ತಿಗೆಯ ಹಿಂದೆ ಬೆರಳಗಲದ ಕೆಂಪು ಗೆರೆ. ಲೇಸನ್ನು ಹೊಲಿದಿದ್ದ ನೈಲಾನ್ ದಾರದ ತುದಿ ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಚರ್ಮ ಕಿತ್ತಿತ್ತು. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಫ್ರಾಕ್ ಚೆನ್ನಾಗಿ ಕಾಣುತ್ತದೆ. ಮಗಳ ಕೈ ಕುತ್ತಿಗೆಯ ಹತ್ತಿರ ಹೋಗುತ್ತಿರುವುದೂ ಕಾಣುತ್ತದೆ.

ಅವತ್ತಿನಿಂದ ಮಕ್ಕಳ ಬಟ್ಟೆಯನ್ನು ನಾನು ಒಳಗಿನಿಂದ ಕೊಳ್ಳುತ್ತೇನೆ. ಅಂಗಡಿಯಲ್ಲೇ ಮಗುಚಿ ಒಳಭಾಗ ನೋಡುತ್ತೇನೆ. ಹೊಲಿಗೆಯ ಅಂಚನ್ನು ನನ್ನ ಮಣಿಕಟ್ಟಿನ ಒಳಗಡೆ ಉಜ್ಜಿ ನೋಡುತ್ತೇನೆ, ಅಲ್ಲಿ ಚರ್ಮ ತೆಳು. ಲೇಬಲ್ ಒರಟಾಗಿದ್ದರೆ ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯುತ್ತೇನೆ. ಸುಮ್ನೆ ಕತ್ತರಿಸಿದರೆ ಉಳಿದ ಚೂರು ಇನ್ನೂ ಜಾಸ್ತಿ ಚುಚ್ಚುತ್ತದೆ. ಹೊಸ ಬಟ್ಟೆಯನ್ನು ಒಗೆಯದೆ ಹಾಕುವುದಿಲ್ಲ, ಅದರಲ್ಲೂ ಸುಕ್ಕಾಗದ ಬಟ್ಟೆಯನ್ನು. ಅಂಥ ಬಟ್ಟೆಗೆ ಫಾರ್ಮಾಲ್ಡಿಹೈಡ್ ಅನ್ನುವ ರಾಸಾಯನಿಕ ಇರುವ ರಾಳ ಹಚ್ಚಿರುವುದುಂಟು, ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಚಮಕಿ, ಮಣಿ, ಸಡಿಲ ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ. ನಿಮ್ಮ ಒಂಬತ್ತು ತಿಂಗಳ ಮಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೇ ಹಾಕುವ ವಯಸ್ಸಿನವನು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಟೋಪಿ ಇರುವ ಜಾಕೆಟ್‌ನ ಕುತ್ತಿಗೆಯ ದಾರ. ಎಷ್ಟು ಮುದ್ದಾಗಿದ್ದರೂ ಇವತ್ತೇ ಎಳೆದು ತೆಗೆದುಬಿಡಿ. ಜಾರುಬಂಡಿಯ ಸಂದಿಯಲ್ಲಿ, ವಾಹನದ ಬಾಗಿಲಲ್ಲಿ ಆ ದಾರ ಸಿಕ್ಕಿಕೊಂಡು ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ಆ ಕಾರಣಕ್ಕೇ ಅಮೆರಿಕದಲ್ಲಿ 1996ರಲ್ಲಿ ಅಂಥ ದಾರ ಬೇಡ ಅಂತ ಮಾರ್ಗಸೂಚಿ ಬಂತು. ಯುರೋಪಿನ ನಿಯಮದಲ್ಲಿ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಟೋಪಿಯ ಹತ್ತಿರವಾಗಲಿ ಕುತ್ತಿಗೆಯ ಹತ್ತಿರವಾಗಲಿ ಎಳೆಯುವ ದಾರ ಇರುವಂತೆಯೇ ಇಲ್ಲ.

ಚೆನ್ನಾಗಿ ಯೋಚಿಸಿ ಹೊಲಿದ ಮಕ್ಕಳ ಬಟ್ಟೆ ಹೇಗಿರುತ್ತದೆ ಅಂತ ನೋಡಬೇಕಾದರೆ ನಿಮ್ಮ ಮಗನ ಒಳಂಗಿ ತೆಗೆದು ಭುಜ ನೋಡಿ. ಹಲವು ಒಳಂಗಿಗಳಲ್ಲಿ ಅಲ್ಲಿ ಎರಡು ಪದರ ಒಂದರ ಮೇಲೊಂದು ಹಾಯ್ದಿರುತ್ತವೆ. ತಲೆ ಸಲೀಸಾಗಿ ತೂರಲಿ ಅಂತ ಹಾಗೆ ಮಾಡಿದ್ದಾರೆ, ನಿಜ. ಅದರಲ್ಲಿ ಇನ್ನೊಂದು ಉಪಯೋಗವೂ ಇದೆ. ಡೈಪರ್ ಸೋರಿ ಬೆನ್ನಿನ ತನಕ ಬಂದಾಗ ಆ ಒಳಂಗಿಯನ್ನು ತಲೆಯ ಮೇಲಿಂದ ತೆಗೆಯಬೇಕಾಗಿಲ್ಲ. ಕುತ್ತಿಗೆಯನ್ನು ಅಗಲ ಮಾಡಿ, ಭುಜದಿಂದ ಕೆಳಕ್ಕೆ ಜಾರಿಸಿ ಕಾಲಿನ ಕಡೆಯಿಂದ ತೆಗೆಯಬಹುದು. ಕೂದಲಿಗೆ, ಮುಖಕ್ಕೆ ಏನೂ ತಾಗುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಎರಡನೇ ಮಗುವಿನ ಹೊತ್ತಿಗೆ. ಇಂಥ ಒಂದು ಮಡಿಕೆಯ ಬಗ್ಗೆ ತಲೆ ಕೆಡಿಸಿಕೊಂಡವರು ಯಾರೋ, ಅವರನ್ನು ನೆನೆದರೆ ನನಗೆ ಗೌರವ ಬರುತ್ತದೆ.

ಮಗಳದು ಬೇರೆ ಲೆಕ್ಕ. ನಾಲ್ಕು ವರ್ಷದವಳು ತಾನೇ ಹಾಕಿಕೊಳ್ಳಬೇಕು, ತಾನೇ ಬಿಚ್ಚಬೇಕು. ಬೆನ್ನ ಹಿಂದೆ ಗುಂಡಿ ಇದ್ದರೆ ಅದು ನಿಮ್ಮ ಕೆಲಸ, ಎದುರಿಗೆ ದೊಡ್ಡ ಗುಂಡಿ ಇದ್ದರೆ ಅವಳ ಕೆಲಸ. ಟಾಯ್ಲೆಟ್‌ಗೆ ಓಡುವಾಗ ಬೆಲ್ಟು ಬಿಚ್ಚಲಾಗದೆ ಅತ್ತ ಮಗುವನ್ನು ನೋಡಿದ್ದೀರಾ? ಸೊಂಟಕ್ಕೆ ಎಲಾಸ್ಟಿಕ್ ಇರಲಿ. ಅಂಗಡಿಯಲ್ಲಿ ಹಾಕಿಸಿ ನೋಡುವಾಗ ಕನ್ನಡಿ ಮುಂದೆ ನಿಲ್ಲಿಸಿದರೆ ಸಾಲದು. ಎರಡೂ ಕೈ ಮೇಲೆತ್ತಿಸಿ, ಕುಕ್ಕರಗಾಲಲ್ಲಿ ಕೂರಿಸಿ, ನಾಲ್ಕು ಹೆಜ್ಜೆ ಓಡಿಸಿ. ಮತ್ತೆ ಮತ್ತೆ ಬಟ್ಟೆ ಎಳೆದುಕೊಂಡರೆ ಅದು ಅವಳ ಬಟ್ಟೆಯಲ್ಲ. ಬೆಳಿಗ್ಗೆ "ಏನು ಹಾಕ್ತೀಯ?" ಅಂತ ಇಡೀ ಕಪಾಟು ತೋರಿಸಬೇಡಿ. ಎರಡು ಜೊತೆ ಹಾಸಿಗೆ ಮೇಲೆ ಇಟ್ಟು ಒಂದನ್ನು ಆರಿಸಲು ಹೇಳಿ. ಪಟ್ಟೆಯ ಪ್ಯಾಂಟಿಗೆ ಹೂವಿನ ಅಂಗಿ ಹಾಕುತ್ತೇನೆ ಅಂದರೆ ಹಾಕಿಕೊಳ್ಳಲಿ. ನೀವು ಹೊಂದಿಸಿದ್ದಕ್ಕಿಂತ ಚೆಂದ ಕಾಣುವ ದಿನವೂ ಬರುತ್ತದೆ. ಗೊಂಬೆ ಅಂದವರಿಗೆ ಆಗ ಬೇರೆ ಉತ್ತರ ಬೇಕಾಗುವುದಿಲ್ಲ, ಗೊಂಬೆ ತನ್ನ ಅಂಗಿಯನ್ನು ತಾನೇ ಆರಿಸುವುದಿಲ್ಲವಲ್ಲ.

ಗುಲಾಬಿ ಬಣ್ಣದ ಪ್ರಶ್ನೆ. ಧಾರಾಳವಾಗಿ ಹಾಕಿ. ಗುಲಾಬಿ ಹೆಣ್ಣುಮಕ್ಕಳದು, ನೀಲಿ ಗಂಡುಮಕ್ಕಳದು ಅನ್ನುವುದು ನಾವು ಅಂದುಕೊಂಡಷ್ಟು ಹಳೆಯದಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಿ ಪತ್ರಿಕೆಯೊಂದು ಇದಕ್ಕೆ ಪೂರ್ತಿ ಉಲ್ಟಾ ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ಅದು ಹುಡುಗರಿಗೆ. ನೀಲಿ ನಾಜೂಕು, ಅದು ಹುಡುಗಿಯರಿಗೆ. ಅದಕ್ಕೂ ಹಿಂದೆ ಅಲ್ಲಿ ಪುಟ್ಟ ಮಕ್ಕಳಿಗೆಲ್ಲ, ಗಂಡಾಗಲಿ ಹೆಣ್ಣಾಗಲಿ, ಬಿಳಿ ಬಣ್ಣದ ಉದ್ದ ಅಂಗಿ. ಬಿಳಿ ಹತ್ತಿಯನ್ನು ಕುದಿಸಿ ಒಗೆಯಬಹುದಿತ್ತು, ಉದ್ದ ಅಂಗಿಯಾದರೆ ಕೆಳಗಿನ ಬಟ್ಟೆ ಬದಲಾಯಿಸುವುದೂ ಸುಲಭ. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ 1884ರ ಫೋಟೋ ಒಂದಿದೆ. ಎರಡೂವರೆ ವರ್ಷದ ಹುಡುಗ ಬಿಳಿ ಲಂಗ ಹಾಕಿ, ಭುಜದ ತನಕ ಕೂದಲು ಬಿಟ್ಟು ಕೂತಿದ್ದಾನೆ. ನಿಮ್ಮ ಮಗನಿಗೆ ಗುಲಾಬಿ ಅಂಗಿಯಿಂದ ಏನೂ ಆಗುವುದಿಲ್ಲ. ಅಕ್ಕನ ಬಟ್ಟೆ ಹತ್ತಾರು ಸಲ ಒಗೆದು ಮೆತ್ತಗಾಗಿರುತ್ತದೆ. ಅವನ ಚರ್ಮಕ್ಕೆ ಅದಕ್ಕಿಂತ ಹಿತ ಯಾವುದಿದೆ?

ಈಗ ನಿಮ್ಮ ಬಗ್ಗೆ.

ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದ ಇರುವ ಮಗು ಮೊದಲ ವರ್ಷದಲ್ಲಿ ಇನ್ನೂ 25 ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ. ತೂಕ ಮೂರು ಪಟ್ಟು ಆಗುತ್ತದೆ. ಹೋದ ತಿಂಗಳು ಆಗುತ್ತಿದ್ದ ಅಂಗಿ ಈ ತಿಂಗಳು ಕಂಕುಳಲ್ಲಿ ಹಿಡಿಯುತ್ತದೆ. ಆಗ ನೀವು ಏನು ಮಾಡುತ್ತೀರಿ? "ಅಯ್ಯೋ, ಎಷ್ಟು ಬೇಗ ಬೆಳೆದುಬಿಟ್ಟೆ" ಅಂತ ಮುತ್ತು ಕೊಟ್ಟು ದೊಡ್ಡ ಸೈಜಿನ ಅಂಗಿ ತೆಗೆಯುತ್ತೀರಿ. ಆ ಹಳೇ ಅಂಗಿ ಆಗುತ್ತಿಲ್ಲ ಅಂತ ಮಗುವನ್ನು ಬೈದಿದ್ದೀರಾ? ಸಣ್ಣ ಆದಮೇಲೆ ಹೊಸದು ಕೊಡಿಸುತ್ತೇನೆ, ಅಲ್ಲಿಯ ತನಕ ಇದ್ದದ್ದರಲ್ಲೇ ಇರು ಅಂದಿದ್ದೀರಾ? ಅದೇ ಮನೆಯಲ್ಲಿ, ಅದೇ ಕಪಾಟಿನ ಮುಂದೆ, ಇಷ್ಟೊಂದು ಬದಲಾದ ಇನ್ನೊಂದು ಮೈ ಇದೆ. ಅದಕ್ಕೆ ಮಾತ್ರ ಯಾಕೆ ಈ ಮಾತು?

ನಿಮ್ಮ ಮೈಗೆ ಏನಾಗಿದೆ ಅಂತ ನೋಡಿ. ಹೆರಿಗೆಯ ನಂತರ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು. ಆರು ವಾರ ಅನ್ನುವ ಮಾತು ಜನರ ಬಾಯಲ್ಲಿ ಉಳಿದುಬಿಟ್ಟಿದೆ, ಆದರೆ ಅದು ಗರ್ಭಕೋಶದ ಲೆಕ್ಕ. ಹೊಟ್ಟೆಯ ಸ್ನಾಯುಗಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಮಯ ಬೇಕು. ಬಸಿರಿನಲ್ಲಿ ಪಕ್ಕೆಲುಬಿನ ಗೂಡು ಅಗಲವಾಗುತ್ತದೆ. ಪಾದದ ಕಮಾನು ತಗ್ಗಿ ಪಾದ ಉದ್ದವಾಗುತ್ತದೆ. ಎಷ್ಟೋ ಜನರಿಗೆ, ಅದರಲ್ಲೂ ಮೊದಲ ಬಸಿರಿನ ನಂತರ, ಅದು ಹಾಗೆಯೇ ಉಳಿದುಬಿಡುತ್ತದೆ. ನನ್ನ ಚಪ್ಪಲಿ ಸೈಜು ಒಂದು ನಂಬರ್ ಏರಿತು. ತೂಕ ಇಳಿದರೂ ಪಾದ ಹಿಂದಕ್ಕೆ ಬರಲಿಲ್ಲ. ಹಳೇ ಚಪ್ಪಲಿ ಹಾಕಿಕೊಂಡು ಒಂದು ವರ್ಷ ಬೆರಳು ಒತ್ತಿಸಿಕೊಂಡು ನಡೆದೆ. ಪಾದದ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ ಹೇಳಿ!

ಮಗುವಿಗೆ ಹಾಲು ಕೊಡುತ್ತಿದ್ದರೆ ಎದೆಯ ಅಳತೆ ಬೆಳಿಗ್ಗೆ ಒಂದು, ಸಂಜೆ ಒಂದು. ಬಿಗಿಯಾದ ಬ್ರಾ ಒಂದೇ ಕಡೆ ಒತ್ತಿದರೆ ಹಾಲು ಕಟ್ಟಿಕೊಂಡು ಗಂಟಾಗಬಹುದು. ಹಾಗಾಗಿ ಮೊದಲು ಕೊಳ್ಳಬೇಕಾದದ್ದು ಅದು, ಇವತ್ತಿನ ಅಳತೆಗೆ ಸರಿಯಾಗಿ. ಹಾಲು ಬಿಡಿಸಿದ ಮೇಲೆ ಅಳತೆ ಮತ್ತೆ ಬದಲಾಗುತ್ತದೆ, ಆದ್ದರಿಂದ ಎರಡು ಮೂರು ಸಾಕು.

ಉಳಿದದ್ದೂ ಹಾಗೇ, ಕಡಿಮೆ ಇರಲಿ. ಮುಂದೆ ಗುಂಡಿ ಇರುವ ಮೂರು ಅಂಗಿ, ಸ್ವಲ್ಪ ಹಿಗ್ಗುವ ಬಟ್ಟೆಯ ಎರಡು ಪ್ಯಾಂಟು. ಅಂಗಿಯ ಭುಜ ನಿಮ್ಮ ಭುಜದ ಮೇಲೆ ಸರಿಯಾಗಿ ಕೂರಬೇಕು. ಮೈಯೆಲ್ಲ ಸಡಿಲವಿದ್ದರೂ ಭುಜದ ಹೊಲಿಗೆ ಅಲ್ಲೇ ಇದ್ದರೆ ಅಂಗಿ ನಿಮ್ಮದು ಅನ್ನಿಸುತ್ತದೆ, ಕೆಳಗೆ ಜಾರಿದರೆ ಬೇರೆಯವರದ್ದು ಅನ್ನಿಸುತ್ತದೆ. ಆ ಎರಡು ಟೀ ಶರ್ಟಿನಲ್ಲಿ ನಿಮಗೆ ಬೇಜಾರು ತಂದದ್ದು ಬಹುಶಃ ಇದೇ. ಸಣ್ಣ ಹೂವಿನ ಅಚ್ಚಿನ ಬಟ್ಟೆಯಲ್ಲಿ ಹಾಲಿನ ಕಲೆ ಅಷ್ಟಾಗಿ ಕಾಣುವುದಿಲ್ಲ. ಒಂಬತ್ತು ತಿಂಗಳವನು ಜಗ್ಗುವ ವಯಸ್ಸಿನಲ್ಲಿದ್ದಾನೆ, ತೂಗಾಡುವ ಓಲೆ ಸದ್ಯಕ್ಕೆ ಬೇಡ. ಜೇಬು ಮಾತ್ರ ಇರಲೇಬೇಕು. ಮಗಳು ದಾರಿಯಲ್ಲಿ ಹೆಕ್ಕಿದ ಕಲ್ಲು ಮನೆಗೆ ಬರುವುದು ನಿಮ್ಮ ಜೇಬಿನಲ್ಲೇ, ಅಲ್ವಾ? "ಒಂದು ಸೈಜು ಚಿಕ್ಕದು ತಗೋ, ಸಣ್ಣ ಆಗೋಕೆ ಹುಮ್ಮಸ್ಸು ಬರುತ್ತೆ" ಅಂತ ಸಲಹೆ ಕೊಡುವವರು ಇರುತ್ತಾರೆ. ದಯವಿಟ್ಟು ಕೇಳಬೇಡಿ. ಅಂಥ ಬಟ್ಟೆ ದಿನಾ ಬೆಳಿಗ್ಗೆ ನಿಮ್ಮ ಮನಸ್ಸು ನೋಯಿಸುತ್ತದೆ, ಅಷ್ಟೇ.

ಮೇಲಿನ ಹಲಗೆಯನ್ನು ಒಂದೇ ದಿನ ಖಾಲಿ ಮಾಡಿ ಅಂತ ನಾನು ಹೇಳುವುದಿಲ್ಲ. ಎಲ್ಲ ಇಳಿಸಿ ಹಾಸಿಗೆ ಮೇಲೆ ಹರಡಿ. ಒಂದೊಂದನ್ನೂ ಕೈಯಲ್ಲಿ ಹಿಡಿದು, ನಾಳೆಯೇ ಇದು ಸರಿಯಾಗಿ ಆದರೂ ಹಾಕುತ್ತೀನಾ ಅಂತ ಕೇಳಿಕೊಳ್ಳಿ. ನನ್ನ ಹಲಗೆಯಲ್ಲಿದ್ದ ಅರ್ಧಕ್ಕರ್ಧ ಬಟ್ಟೆಗೆ ಉತ್ತರ ಇಲ್ಲ ಅಂತಲೇ ಬಂತು. ನನ್ನ ಬದುಕು ಬದಲಾಗಿತ್ತು, ರುಚಿಯೂ ಬದಲಾಗಿತ್ತು. ಅವನ್ನು ಆಗುವವರಿಗೆ ಕೊಟ್ಟೆ. ಕೆಲವನ್ನು ಬದಿ ಬಿಚ್ಚಿಸಿ ಅಗಲ ಮಾಡಿಸಿದೆ. ಒಳಗೆ ಬಟ್ಟೆ ಬಿಟ್ಟು ಹೊಲಿದದ್ದಾದರೆ ಇದು ಸುಲಭದ ಕೆಲಸ. ಮೊದಲ ಸಂಬಳದಲ್ಲಿ ಕೊಂಡ ಒಂದು ನೀಲಿ ಶರ್ಟನ್ನು ಮಾತ್ರ ಹಾಗೇ ಇಟ್ಟುಕೊಂಡೆ. ಅದನ್ನು ಹಾಕುವ ಆಸೆ ಈಗಿಲ್ಲ, ನೋಡಿದರೆ ಖುಷಿಯಾಗುತ್ತದೆ. ಉಳಿದವು ಡಬ್ಬದೊಳಗೆ ಹೋಗಲಿ, ಕಣ್ಣ ಮುಂದಿನ ಹಲಗೆ ಬೇಡ. ಅಲ್ಲಿ ಇವತ್ತು ನಿಮಗೆ ಆಗುವ ಬಟ್ಟೆಗಳು ಇರಲಿ.

ಪತ್ರ ಓದುವಾಗ ಜೀನ್ ಲಾನ್ವಿನ್ ನೆನಪಾದರು. ಪ್ಯಾರಿಸ್‌ನಲ್ಲಿ ಟೋಪಿ ಮಾಡುತ್ತಿದ್ದ ಹೆಂಗಸು. ತನ್ನ ಪುಟ್ಟ ಮಗಳಿಗೆ ಅಂತ ಹೊಲಿದ ಬಟ್ಟೆಗಳು ಗಿರಾಕಿಗಳ ಕಣ್ಣಿಗೆ ಬಿದ್ದವು. ತಮ್ಮ ಮಕ್ಕಳಿಗೂ ಬೇಕು ಅಂದರು. 1908ರಲ್ಲಿ ಲಾನ್ವಿನ್ ಮಕ್ಕಳ ಉಡುಪಿನ ವಿಭಾಗ ತೆರೆದರು. ಮರುವರ್ಷವೇ ದೊಡ್ಡ ಹೆಂಗಸರ ಉಡುಪನ್ನೂ ಶುರು ಮಾಡಿದರು. ಅವರ ಸಂಸ್ಥೆಯ ಗುರುತು ಕೈ ಕೈ ಹಿಡಿದು ನಿಂತ ತಾಯಿ ಮಗಳು, ಇಬ್ಬರೂ ಸಿಂಗರಿಸಿಕೊಂಡಿದ್ದಾರೆ. ಮಗುವಿನಿಂದ ಶುರುವಾದದ್ದು ಅಮ್ಮನ ತನಕ ಬರಲು ಅಲ್ಲಿ ಒಂದೇ ವರ್ಷ ಹಿಡಿಯಿತು.

ನಿಮ್ಮ ಮಗಳು ಕೇಳಿದ ಪ್ರಶ್ನೆಗೆ ನೀವು ಏನು ಹೇಳಿದಿರಿ ಅಂತ ಪತ್ರದಲ್ಲಿ ಬರೆದಿಲ್ಲ. ಈ ಭಾನುವಾರ ಅವಳನ್ನೇ ಕರೆದುಕೊಂಡು ಅಂಗಡಿಗೆ ಹೋಗಿ. ನಿಮಗೆ ಸರಿಯಾಗಿ ಆಗುವ ಎರಡು ಅಂಗಿಗಳನ್ನು ನೀವು ತೆಗೆದಿಡಿ, ಒಂದನ್ನು ಅವಳು ಆರಿಸಲಿ. ಟ್ರಯಲ್ ರೂಮಿನಲ್ಲಿ ಅವಳು ನಿಮ್ಮ ಎರಡೂ ಕೈ ಮೇಲೆತ್ತಿಸಿ, ಕುಕ್ಕರಗಾಲಲ್ಲಿ ಕೂರಿಸಿ ನೋಡಲಿ. ಯಾವ ಬಣ್ಣ ಆರಿಸಿದಳು ಅಂತ ನನಗೆ ಬರೆದು ತಿಳಿಸಿ.

ಪ್ರೀತಿಯಿಂದ,
ಸಂಪಾದಕಿ